ಡಿಗ್ರಿ ಆದ ಮೇಲೆ ಮೆಡಿಕಲ್: ಯಾವ ಪೋಸ್ಟ್‌ಬ್ಯಾಕ್ ಸೇರಲಿ?

ಹಾಸನದ ಹುಡುಗಿ, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಕೊಳ್ಳಬೇಡಿ.

ನನಗೆ 26. ಏಳನೇ ಕ್ಲಾಸ್ ಮುಗಿಸಿ ಹಾಸನದಿಂದ ಇಲ್ಲಿಗೆ ಬಂದೆ. ಗ್ರೀನ್ ಕಾರ್ಡ್ ಇದೆ. ಇಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್, ಜಿಪಿಎ (4ಕ್ಕೆ) 3.6. ಮೂರು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕೆಮಿಸ್ಟ್ರಿ ಕೊನೆಯ ಸಲ ಓದಿದ್ದು ಹೈಸ್ಕೂಲಿನಲ್ಲಿ.

ಎರಡು ವರ್ಷದಿಂದ ಅಜ್ಜಿಗೆ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ನಾನೇ ಜೊತೆಗೆ ಕೂರುತ್ತೇನೆ. ಒಂದು ದಿನ ಅಜ್ಜಿ ಕಾಲು ಜೋಮು ಹಿಡಿದಿದೆ ಅಂದರು, ಆಮೇಲೆ ಮೀನಖಂಡ ಸೆಳೆಯುತ್ತಿದೆ ಅಂದರು. ನಾನು ಎರಡಕ್ಕೂ ಒಂದೇ ಇಂಗ್ಲಿಷ್ ಪದ ಹೇಳಿಬಿಟ್ಟೆ. ಡಾಕ್ಟರು ಸುಮ್ಮನೆ ತಲೆ ಆಡಿಸಬಹುದಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತು ಮತ್ತೆ ಕೇಳಿದರು. ಜೋಮು ಬೇರೆ, ಸೆಳೆತ ಬೇರೆ, ಎರಡಕ್ಕೂ ಕಾರಣ ಬೇರೆ, ಮಾಡಬೇಕಾದ್ದೂ ಬೇರೆ ಎಂದು ಅವತ್ತು ಗೊತ್ತಾಯಿತು. ಅವತ್ತಿನಿಂದ ಡಾಕ್ಟರ್ ಆಗಬೇಕು ಎಂಬುದು ತಲೆಯಿಂದ ಹೋಗುತ್ತಿಲ್ಲ.

ಈಗ ವಿಷಯ. ಹೆಸರಾದ ಒಂದು ವರ್ಷದ ಪೋಸ್ಟ್‌ಬ್ಯಾಕ್ ಪ್ರೋಗ್ರಾಂನಲ್ಲಿ ಸೀಟು ಸಿಕ್ಕಿದೆ, ಅಂದರೆ ಡಿಗ್ರಿ ಆದ ಮೇಲೆ ಮೆಡಿಕಲ್‌ಗೆ ಬೇಕಾದ ಸೈನ್ಸ್ ಕೋರ್ಸುಗಳನ್ನು ಓದುವುದು. ಕೆಲಸ ಬಿಡಬೇಕು, ಊರು ಬಿಡಬೇಕು, ಫೀಸು ಮತ್ತು ಇರುವ ಖರ್ಚು ಸೇರಿ 70 ಸಾವಿರ ಡಾಲರ್ ಹತ್ತಿರ ಹೋಗುತ್ತದೆ. ಇಲ್ಲದಿದ್ದರೆ ಮನೆ ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸಂಜೆ ಕ್ಲಾಸು, ಎರಡೂವರೆ ವರ್ಷ, ನಾನು ಲೆಕ್ಕ ಹಾಕಿದ ಹಾಗೆ ಫೀಸು ಒಟ್ಟು 18 ಸಾವಿರ. ಮೂರು ವಾರದಲ್ಲಿ ಉತ್ತರ ಕೊಡಬೇಕು. ಅಪ್ಪ ಹೆಸರಿರುವ ಕಡೆಗೇ ಹೋಗು ಅನ್ನುತ್ತಾರೆ. ಅಮ್ಮ ಮದುವೆ ಅನ್ನುತ್ತಾರೆ. ಅದನ್ನು ಬಿಡಿ.

ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ?


ಮಲ್ಲೇಶ್ವರಂ ತಾತ

ಅಲ್ಲಮ್ಮ, ಡಿಗ್ರಿ ಮುಗಿಸಿ ಕೆಲಸಕ್ಕೂ ಸೇರಿ ಈಗ ಮೆಡಿಕಲ್ಲಾ? ನಮ್ಮಲ್ಲಿ ಪಿಯುಸಿ ಆದ ತಕ್ಷಣ ನೀಟ್ ಬರೆದು ಸೇರುತ್ತಾರೆ. ಐದೂವರೆ ವರ್ಷ, ಇಂಟರ್ನ್‌ಶಿಪ್ಪೂ ಸೇರಿ. ಎನ್‌ಆರ್‌ಐ ಕೋಟಾ ಇದೆ. ನೀಟ್‌ಗೆ ಇದ್ದ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದರಲ್ವಾ. ಇಲ್ಲಿಗೆ ಬಂದು ಓದಬಾರದೇಕೆ?


ರಾತ್ರಿ ಪಾಳಿ, ಒಹಾಯೊ

ತಾತ, ಓದಬಹುದು. ಆದರೆ ಅವರು ಕೊನೆಗೆ ಕೆಲಸ ಮಾಡಬೇಕಾದ್ದು ಇಲ್ಲಿ. ಭಾರತದಲ್ಲಿ ಎಂಬಿಬಿಎಸ್ ಮಾಡಿ ಬಂದರೆ ಯುಎಸ್‌ಎಂಎಲ್‌ಇ ಎಂಬ ಇಲ್ಲಿನ ಲೈಸೆನ್ಸ್ ಪರೀಕ್ಷೆ ಬರೆದು, ಹೊರಗೆ ಓದಿದವರಿಗೆ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟ್ ತಗೊಂಡು, ರೆಸಿಡೆನ್ಸಿ ಮ್ಯಾಚ್‌ಗೆ, ಅಂದರೆ ಆಸ್ಪತ್ರೆ ತರಬೇತಿಯ ಸೀಟು ಹಂಚಿಕೆಗೆ, ನಿಲ್ಲಬೇಕು. ಆ ಮ್ಯಾಚ್‌ನಲ್ಲಿ ಇಲ್ಲಿನ ಎಂಡಿ (ಇಲ್ಲಿ ಅದೇ ಮೊದಲ ಮೆಡಿಕಲ್ ಡಿಗ್ರಿ) ಕಾಲೇಜಿನ ಕೊನೆಯ ವರ್ಷದವರು ನೂರಕ್ಕೆ 93 ಜನ ಜಾಗ ಹಿಡಿಯುತ್ತಾರೆ. ಹೊರಗೆ ಓದಿ ಬಂದವರದು 60ರ ಆಸುಪಾಸು. ಜೊತೆಗೆ ಈ ಹುಡುಗಿ ಪಿಯುಸಿ ಬಯಾಲಜಿಯನ್ನೇ ಓದಿಲ್ಲ. ಅಲ್ಲಿಂದ ಶುರು ಮಾಡಬೇಕು.

ಇಲ್ಲಿ ಮೆಡಿಕಲ್ ಶುರುವಾಗುವುದೇ ಡಿಗ್ರಿ ಆದ ಮೇಲೆ. ನಾಲ್ಕು ವರ್ಷ ಡಿಗ್ರಿ, ನಾಲ್ಕು ವರ್ಷ ಮೆಡಿಕಲ್, ಆಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ. ಡಿಗ್ರಿಯಲ್ಲಿ ಸೈನ್ಸ್ ಓದದವರು, ಓದಿ ಕೆಡಿಸಿಕೊಂಡವರು ಆ ತೂತು ಮುಚ್ಚುವುದಕ್ಕೆ ಇರುವುದೇ ಈ ಪೋಸ್ಟ್‌ಬ್ಯಾಕ್.

ನಾನು ಕೆಡಿಸಿಕೊಂಡವರ ಪೈಕಿ. ಡ್ಯೂಟಿ ಮುಗಿಸಿ ಬಂದು ಉಳಿದದ್ದು ಬರೆಯುತ್ತೇನೆ.


ಫಿಲ್ಲಿ ಅಕ್ಕ

ಪುಟ್ಟೀ, ಮೊದಲು ಅಭಿನಂದನೆ. ಆ ಪ್ರೋಗ್ರಾಂಗಳಲ್ಲಿ ಸೀಟು ಸಿಗುವುದು ಸುಲಭ ಅಲ್ಲ.

ನಾನು ಇತಿಹಾಸ ಓದಿದವಳು, ಈಗ ಮಕ್ಕಳ ಡಾಕ್ಟರು. ನಿನ್ನ ಹಾಗೇ ದಾರಿ ಬದಲಿಸಿದವಳು. ನಿನ್ನಂಥವರಿಗೆ ಅಂತಲೇ ಇರುವವು ಬ್ರಿನ್ ಮಾರ್, ಗೌಚರ್, ಸ್ಕ್ರಿಪ್ಸ್, ಜಾನ್ಸ್ ಹಾಪ್ಕಿನ್ಸ್ ಇವೆಲ್ಲ. ಚಿಕ್ಕ ಬ್ಯಾಚು. ಬೇಸಿಗೆಯಲ್ಲಿ ಜನರಲ್ ಕೆಮಿಸ್ಟ್ರಿ ಇಡೀ ವರ್ಷದ್ದನ್ನು ಮುಗಿಸಿ, ಸೆಪ್ಟೆಂಬರಿನಿಂದ ಆರ್ಗ್ಯಾನಿಕ್, ಫಿಸಿಕ್ಸ್, ಬಯಾಲಜಿ ಮೂರೂ ಒಟ್ಟಿಗೆ, ಲ್ಯಾಬ್ ಸಮೇತ. ಮುಂದಿನ ಬೇಸಿಗೆಗೆ ಎಂಕ್ಯಾಟ್, ಅಂದರೆ ಮೆಡಿಕಲ್ ಪ್ರವೇಶ ಪರೀಕ್ಷೆ. ಉಸಿರಾಡುವುದಕ್ಕೆ ಬಿಡುವುದಿಲ್ಲ. ಕೊಲಂಬಿಯಾದ್ದು ಇವಕ್ಕಿಂತ ದೊಡ್ಡದು, ಈ ಬಗೆಯವುಗಳಲ್ಲೇ ಹಳೆಯದು, ಅಲ್ಲಿ ಸಾಮಾನ್ಯವಾಗಿ ಎರಡು ವರ್ಷ ಹಿಡಿಯುತ್ತದೆ.

ಒಂದು ವರ್ಷದ್ದು ಅಂತ ಹೇಳಿದರೂ ಒಂದು ವರ್ಷಕ್ಕೆ ಮೆಡಿಕಲ್ ಸೇರುವುದಿಲ್ಲ. ಈ ಬೇಸಿಗೆಯಲ್ಲಿ ಮುಗಿಸಿ ಜೂನ್‌ನಲ್ಲಿ ಅರ್ಜಿ ಹಾಕಿದರೆ ಸೀಟು ಮುಂದಿನ ವರ್ಷದ ಆಗಸ್ಟಿಗೆ. ನಡುವಿನ ವರ್ಷಕ್ಕೆ ಗ್ಲೈಡ್ ಇಯರ್ ಅನ್ನುತ್ತಾರೆ. ಆ ವರ್ಷವನ್ನು ಉಳಿಸುವುದಕ್ಕೆ ಲಿಂಕೇಜ್ ಎಂಬ ಏರ್ಪಾಡಿದೆ, ಕೆಲವು ಮೆಡಿಕಲ್ ಕಾಲೇಜುಗಳ ಜೊತೆ ಒಪ್ಪಂದ. ಆದರೆ ಓದು ಅರ್ಧದಲ್ಲಿರುವಾಗಲೇ ಒಂದೇ ಕಾಲೇಜಿಗೆ ಮಾತು ಕೊಡಬೇಕು, ಸೀಟು ಸಿಕ್ಕರೆ ಬೇರೆ ಕಡೆ ಹಾಕುವ ಹಾಗಿಲ್ಲ. ನಾನು ಅದಕ್ಕೆ ಹೋಗಲಿಲ್ಲ. ಗ್ಲೈಡ್ ಇಯರಿನಲ್ಲಿ ಎಮರ್ಜೆನ್ಸಿ ವಾರ್ಡಿನಲ್ಲಿ ಸ್ಕ್ರೈಬ್ ಆಗಿದ್ದೆ, ಡಾಕ್ಟರು ಹೇಳಿದ್ದನ್ನು ಟೈಪ್ ಮಾಡುವ ಕೆಲಸ. ಆ ವರ್ಷ ಕಲಿತದ್ದು ಆ ಹಿಂದಿನ ವರ್ಷ ಕಲಿತದ್ದಕ್ಕಿಂತ ಜಾಸ್ತಿ.

ಈಗ ಮುಖ್ಯವಾದದ್ದು. ನೂರಕ್ಕೆ 95 ಜನ ಮೆಡಿಕಲ್ ಸೇರುತ್ತಾರೆ ಎಂದು ಹೇಳಿದರೆ, ಯಾವ ನೂರು ಅಂತ ಕೇಳು. ನಾನು ಓದಿದ ಕಡೆಯ ಹೆಸರು ಹೇಳುವುದಿಲ್ಲ. ಮೇ ತಿಂಗಳಲ್ಲಿ ನಾವು 40 ಜನ ಶುರು ಮಾಡಿದೆವು. ಮುಗಿಸಿದ ದಿನ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಂಡಾಗ 29. ಅದರಲ್ಲೂ ನಾಲ್ಕು ಜನಕ್ಕೆ ಗ್ರೇಡು ಕಮ್ಮಿ ಅಂತ ಕಮಿಟಿ ಲೆಟರ್ (ಪ್ರೋಗ್ರಾಂ ಕೊಡುವ ಶಿಫಾರಸು ಪತ್ರ) ಕೊಡಲಿಲ್ಲ, ಈ ವರ್ಷ ಹಾಕಬೇಡಿ ಅಂದರು. ಉಳಿದ 25ರಲ್ಲಿ 24 ಜನಕ್ಕೆ ಸೀಟು. ಆ ವರ್ಷದ ಕರಪತ್ರದಲ್ಲಿ 96 ಪರ್ಸೆಂಟ್. ಸುಳ್ಳಲ್ಲ. ಆದರೆ ಆ 40 ಎಲ್ಲಿಯೂ ಅಚ್ಚಾಗಲಿಲ್ಲ.


ಹಾಸನದ ಹುಡುಗಿ

ಅಕ್ಕಾ, 40ರಲ್ಲಿ 24! ಇದನ್ನು ಅಪ್ಪನಿಗೆ ಓದಿ ಹೇಳಿದೆ. ಬಿಟ್ಟು ಹೋದವರು ಏನಾದರು?


ಫಿಲ್ಲಿ ಅಕ್ಕ

ಮೂರು ಜನ ತಾವೇ ಬೇಡ ಅಂತ ಹೋದರು. ಒಬ್ಬಳು ಈಗ ಆಸ್ಪತ್ರೆ ಆಡಳಿತದಲ್ಲಿ ಚೆನ್ನಾಗಿದ್ದಾಳೆ. ಉಳಿದವರು ಬೇಸಿಗೆಯ ಕೆಮಿಸ್ಟ್ರಿಯಲ್ಲೇ ಜಾರಿದರು. ದಡ್ಡರಲ್ಲ, ಒಬ್ಬ ವಕೀಲ ಬೇರೆ. ಆ ವೇಗಕ್ಕೆ ಆಗಲಿಲ್ಲ ಅಷ್ಟೇ. ಒಂದು ದಿನ ಜ್ವರ ಬಂದರೆ ಒಂದು ವಾರದ ಪಾಠ ಹೋಯಿತು ಅಂತಲೇ ಲೆಕ್ಕ.


ಕೆಮಿಸ್ಟ್ರಿ ಮೇಷ್ಟ್ರು, ಕ್ಯಾಲಿಫೋರ್ನಿಯ

ನಾನು ಕಮ್ಯುನಿಟಿ ಕಾಲೇಜಿನಲ್ಲಿ ಇದೇ ಜನರಲ್ ಕೆಮಿಸ್ಟ್ರಿ ಕಲಿಸುತ್ತೇನೆ. ನನ್ನ ಕ್ಲಾಸಿನಲ್ಲಿ ಪ್ರತಿ ಸೆಮಿಸ್ಟರಿನಲ್ಲೂ ನಿಮ್ಮಂಥವರು ನಾಲ್ಕೈದು ಜನ ಇರುತ್ತಾರೆ. ಬ್ಯಾಂಕಿನವರು, ಸಂಗೀತ ಓದಿದವರು, ಹೋದ ಸಲ ಒಬ್ಬರು ಹೋಟೆಲ್ ಬಾಣಸಿಗರು. ಟೈಟ್ರೇಷನ್‌ನಲ್ಲಿ, ಅಂದರೆ ಬಣ್ಣ ತಿರುಗುವವರೆಗೆ ಹನಿ ಹನಿಯಾಗಿ ದ್ರಾವಣ ಬಿಡುವುದರಲ್ಲಿ, ಅವರದೇ ಒಳ್ಳೆಯ ಕೈ. ಬ್ಯೂರೆಟ್ಟಿನ ಕೊನೆಯ ಹನಿ ಪೂರ್ತಿ ಬೀಳುವುದಕ್ಕೆ ಮುಂಚೆ ನಲ್ಲಿ ತಿರುಗಿಸಿ ಅರ್ಧ ಹನಿಯಲ್ಲೇ ನಿಲ್ಲಿಸುತ್ತಿದ್ದರು, ಬಿಳಿ ಕಾಗದದ ಮೇಲೆ ಇಟ್ಟು ನೋಡಿದರೆ ಮಾತ್ರ ಕಾಣುವಂಥ ತಿಳಿ ಗುಲಾಬಿ. ಸಾಫ್ಟ್‌ವೇರಿನವರದು ನೇರವಾಗಿ ರೂಅಫ್ಜಾ ಬಣ್ಣ. ಬೇಜಾರು ಮಾಡಿಕೊಳ್ಳಬೇಡಿ.

ದುಡ್ಡಿನ ಮಾತು. ಕ್ಯಾಲಿಫೋರ್ನಿಯದವರಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ 46 ಡಾಲರ್. 5 ಯೂನಿಟ್ಟಿನ ಕೆಮಿಸ್ಟ್ರಿ 230 ಡಾಲರಿಗೆ ಮುಗಿಯಿತು. ಪುಸ್ತಕವೇ ಅದಕ್ಕಿಂತ ದುಬಾರಿ ಆಗಬಹುದು. ಪಾಠ ಅದೇ, ಬೆಂಜೀನ್ ಉಂಗುರ ಅದೇ. ಆದರೆ ಕೆಲವು ಮೆಡಿಕಲ್ ಕಾಲೇಜುಗಳು ಬೇಕಾದ ಕೋರ್ಸುಗಳನ್ನು ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲೇ ಮಾಡಿರಲಿ ಎಂದು ಬಯಸುತ್ತವೆ, ಕೆಲವು ಆನ್‌ಲೈನ್ ಲ್ಯಾಬ್ ಒಪ್ಪುವುದಿಲ್ಲ. ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿಯವರ ಎಂಎಸ್‌ಎಆರ್ ಪಟ್ಟಿಯಲ್ಲಿ ಕಾಲೇಜುವಾರು ವಿವರ ಇದೆ. ಸ್ವಲ್ಪ ದುಡ್ಡು ಕೇಳುತ್ತಾರೆ, ಕೊಡಿ. ಮೂರ್ನಾಲ್ಕು ಸಾವಿರ ಉಳಿಸಲು ಹೋಗಿ ಇಷ್ಟದ ಕಾಲೇಜಿನ ಬಾಗಿಲು ಮುಚ್ಚಿಕೊಳ್ಳಬಾರದಲ್ವಾ.

ನನ್ನ ಸಲಹೆ ಒಂದೇ. ಕೆಲಸ ಬಿಡುವ ಮುಂಚೆ ಒಂದು ಕೋರ್ಸು ಮಾಡಿ ನೋಡಿ. ಸಂಜೆ ಆರರಿಂದ ಹತ್ತು ಲ್ಯಾಬಿನಲ್ಲಿ ನಿಂತು ಮನೆಗೆ ಹೋಗಿ ವರದಿ ಬರೆಯಬೇಕಾದಾಗ ಮನಸ್ಸು ಏನು ಹೇಳುತ್ತದೆ ಕೇಳಿ.


ಫಿಲ್ಲಿ ಅಕ್ಕ

ಮೇಷ್ಟ್ರೇ, ಇಲ್ಲೊಂದು ಸಿಕ್ಕು ಇದೆ. ಆ ಒಂದು ವರ್ಷದ ಪ್ರೋಗ್ರಾಂಗಳು ಸೈನ್ಸ್ ಓದದವರಿಗೇ ಮೀಸಲು. ಮೊದಲೇ ಬೇಕಾದ ಕೋರ್ಸುಗಳಲ್ಲಿ ಹೆಚ್ಚಿನವನ್ನು ಮಾಡಿಕೊಂಡು ಹೋದರೆ ನೀವು ನಮಗೆ ಅಲ್ಲ ಅನ್ನುತ್ತಾರೆ. ಒಂದು ಕೋರ್ಸಿಗೆ ತಲೆ ಹೋಗುವುದಿಲ್ಲ. ಆದರೆ ಅಲ್ಲಿ ಒಂದು, ಇಲ್ಲಿ ಒಂದು ಅಂತ ಮಾಡುತ್ತಾ ಹೋದವರು ಎರಡು ದಡಕ್ಕೂ ಸೇರದೆ ನಿಂತದ್ದನ್ನು ನೋಡಿದ್ದೇನೆ. ಪುಟ್ಟೀ, ಏನು ಮಾಡುವುದಾದರೂ ಅವರನ್ನೇ ಕೇಳಿ ಮಾಡು.


ಡಲ್ಲಾಸ್ ಅಪ್ಪ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಬಯಾಲಜಿ ಮುಗಿಸಿ ಎರಡು ವರ್ಷ ಆಯಿತು. ಜಿಪಿಎ 3.0. ಸೈನ್ಸ್ ವಿಷಯಗಳು ಮಾತ್ರ ತಗೊಂಡರೆ 2.7. ಮೊದಲ ಎರಡು ವರ್ಷ ಕೈ ಕೊಟ್ಟ, ಆಮೇಲೆ ಸುಧಾರಿಸಿದ. ಎಂಕ್ಯಾಟ್ 503. ಕನ್ನಡ ಕೂಟದಲ್ಲಿ ಸಿಕ್ಕವರೊಬ್ಬರು, ಯಾವುದಾದರೂ ಪೋಸ್ಟ್‌ಬ್ಯಾಕ್ ಮಾಡಿಸಿ ಎಲ್ಲ ಸರಿ ಹೋಗುತ್ತದೆ ಅಂದರು. ಮಗ ಸ್ಪೆಷಲ್ ಮಾಸ್ಟರ್ಸ್ ಅನ್ನುತ್ತಿದ್ದಾನೆ, ಜಾರ್ಜ್‌ಟೌನ್ ಅಥವಾ ಬಾಸ್ಟನ್ ಯೂನಿವರ್ಸಿಟಿ. ನಮಗೆ ಇದರ ತಲೆ ಬುಡ ತಿಳಿಯುತ್ತಿಲ್ಲ.


ರಾತ್ರಿ ಪಾಳಿ, ಒಹಾಯೊ

ಡ್ಯೂಟಿ ಮುಗಿಯಿತು. ಕಾಫಿ ಕುಡಿಯುತ್ತಾ ಬರೆಯುತ್ತಿದ್ದೇನೆ.

ಅಂಕಲ್, ನಿಮ್ಮ ಮಗನದೂ ಈ ಹುಡುಗಿಯದೂ ಬೇರೆ ಬೇರೆ ಕಾಯಿಲೆ. ಒಂದೇ ಹೆಸರಿನ ಔಷಧಿ ಎರಡಕ್ಕೂ ಕೊಡುತ್ತಾರೆ, ಅದಕ್ಕೇ ಎಲ್ಲರಿಗೂ ಗೊಂದಲ. ಅವರಿಗೆ ಕೋರ್ಸುಗಳೇ ಇಲ್ಲ. ನಿಮ್ಮ ಮಗನಿಗೆ ಕೋರ್ಸುಗಳಿವೆ, ಗ್ರೇಡಿಲ್ಲ. ಮೇಲೆ ಅಕ್ಕ ಹೇಳಿದ ಬ್ರಿನ್ ಮಾರ್, ಗೌಚರ್ ನಿಮ್ಮ ಮಗನನ್ನು ತಗೊಳ್ಳುವುದೇ ಇಲ್ಲ.

ಲೆಕ್ಕ ನೋಡಿ. ಡಿಗ್ರಿಯಲ್ಲಿ 120 ಕ್ರೆಡಿಟ್, 3.0. ಗುಣಿಸಿದರೆ 360. ಈಗ ಒಂದು ವರ್ಷ ಪೋಸ್ಟ್‌ಬ್ಯಾಕಿನಲ್ಲಿ 32 ಕ್ರೆಡಿಟ್ ಮಾಡಿ ಎಲ್ಲದರಲ್ಲೂ ಎ ತಗೊಂಡ ಅಂತ ಇಟ್ಟುಕೊಳ್ಳಿ. 32 ಗುಣಿಸು 4, ಅಂದರೆ 128. ಒಟ್ಟು 488, ಭಾಗಿಸು 152. ಬಂದದ್ದು 3.21. ಒಂದು ವರ್ಷ ಬೆವರು ಸುರಿಸಿ ಅಷ್ಟೇ ಏರಿತು. ಎಂಡಿ ಕಾಲೇಜು ಸೇರಿದವರ ಸರಾಸರಿ 3.7ರ ಮೇಲಿದೆ, ಎಂಕ್ಯಾಟ್ 511ರ ಹತ್ತಿರ. ವರ್ಷಕ್ಕೆ 50 ಸಾವಿರಕ್ಕಿಂತ ಜಾಸ್ತಿ ಜನ ಅರ್ಜಿ ಹಾಕಿ 23 ಸಾವಿರದಷ್ಟು ಜನ ಸೇರುವ ಜಾಗ ಇದು.

ಸೈನ್ಸ್ ಮಾತ್ರ ತಗೊಂಡರೆ ಕಥೆ ಸ್ವಲ್ಪ ಬೇರೆ. 40 ಕ್ರೆಡಿಟ್ 2.7ರಲ್ಲಿ 108. ಅದಕ್ಕೆ ಅದೇ 128 ಸೇರಿಸಿ 72ರಿಂದ ಭಾಗಿಸಿದರೆ 3.28. 2.7ರಿಂದ 3.28. ಇದು ಕಣ್ಣಿಗೆ ಬೀಳುತ್ತದೆ. ಆಮ್‌ಕಾಸ್, ಅಂದರೆ ಎಂಡಿ ಕಾಲೇಜುಗಳಿಗೆ ಹಾಕುವ ಸಾಮಾನ್ಯ ಅರ್ಜಿಯಲ್ಲಿ ವರ್ಷವಾರು ಸಾಲುಗಳಿರುತ್ತವೆ. ಮೊದಲ ವರ್ಷ 2.4 ಇದ್ದವನು ಕೊನೆಯ ಸಾಲಿನಲ್ಲಿ 4.0 ಬರೆಸಿದ್ದಾನೆ ಅಂದರೆ ಓದುವವರು ಅಲ್ಲಿ ನಿಲ್ಲುತ್ತಾರೆ.

ಸ್ಪೆಷಲ್ ಮಾಸ್ಟರ್ಸ್ ಮಾತು ಬೇರೆ. ಅದರ ಗ್ರೇಡು ಡಿಗ್ರಿ ಜಿಪಿಎಗೆ ಸೇರುವುದೇ ಇಲ್ಲ, ಬೇರೆ ಸಾಲಿನಲ್ಲಿ ಕೂರುತ್ತದೆ. 3.0 ಅನ್ನುವುದು 3.0 ಆಗಿಯೇ ಉಳಿಯುತ್ತದೆ. ಅಲ್ಲಿ ಮೊದಲ ವರ್ಷದ ಮೆಡಿಕಲ್ ವಿದ್ಯಾರ್ಥಿಗಳ ಪಾಠಗಳನ್ನೇ ಓದಿಸುತ್ತಾರೆ. ಚೆನ್ನಾಗಿ ಮಾಡಿದರೆ ಇವನು ಮೆಡಿಕಲ್ ಓದಬಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಬಿ ಮೈನಸ್ ಬಂದರೆ ಮೆಡಿಕಲ್ ಓದಲಾರ ಎಂಬುದಕ್ಕೂ ಸಾಕ್ಷಿ ಬೇಡ. ಕೊನೆಯ ಇಸ್ಪೀಟೆಲೆ ಅದು. 503 ಇಟ್ಟುಕೊಂಡು ಅದನ್ನು ಈಗಲೇ ಎಸೆಯಬೇಡಿ. ಮೊದಲು ಊರಲ್ಲೇ ಮೇಲಿನ ಮಟ್ಟದ ಬಯಾಲಜಿ ಓದಲಿ, ಫಿಸಿಯಾಲಜಿ, ಜೆನೆಟಿಕ್ಸ್, ಸೆಲ್ ಬಯಾಲಜಿ, ಬಯೋಕೆಮಿಸ್ಟ್ರಿ. ಎ ಬಂದರೆ ಎಂಕ್ಯಾಟ್ ಮತ್ತೆ.

ಹಳೆಯ ಸಿ ಗ್ರೇಡುಗಳನ್ನು ಮತ್ತೆ ಬರೆದು ಅಳಿಸುತ್ತೇನೆ ಅಂದುಕೊಂಡಿದ್ದರೆ ಅದು ಆಗದು. ಆಮ್‌ಕಾಸ್ ಎರಡನ್ನೂ ಎಣಿಸುತ್ತದೆ. ಡಿಒ (ಆಸ್ಟಿಯೋಪಥಿಕ್, ಇಲ್ಲಿ ಡಾಕ್ಟರ್ ಆಗುವ ಇನ್ನೊಂದು ಡಿಗ್ರಿ) ಕಾಲೇಜುಗಳವರು ಮೊದಲು ಹೊಸದನ್ನು ಮಾತ್ರ ಎಣಿಸುತ್ತಿದ್ದರು, 2017ರಿಂದ ಅದೂ ಹೋಯಿತು.

ನನ್ನದು 2.9 ಇತ್ತು. ಹೆಸರಿಲ್ಲದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಬಿಡಿಬಿಡಿಯಾಗಿ ಕೋರ್ಸು ಮಾಡಿದೆ, ಹಗಲು ಫಾರ್ಮಸಿಯಲ್ಲಿ ಟೆಕ್ನಿಷಿಯನ್. ಮೊದಲ ಸಲ ಹಾಕಿದಾಗ ಎಲ್ಲಿಯೂ ಕರೆಯಲಿಲ್ಲ. ಎರಡನೇ ಸಲ ಒಂದು ಡಿಒ ಕಾಲೇಜು ಕರೆಯಿತು, ಅಲ್ಲೇ ಸೇರಿದೆ. ಈಗ ರೆಸಿಡೆನ್ಸಿಯ ಮೂರನೇ ವರ್ಷ. 2020ರಿಂದ ಎಂಡಿ, ಡಿಒ ಇಬ್ಬರಿಗೂ ರೆಸಿಡೆನ್ಸಿ ವ್ಯವಸ್ಥೆ ಒಂದೇ. ರೋಗಿಗಳಲ್ಲಿ ಒಬ್ಬರೂ ಇವತ್ತಿನವರೆಗೆ ಬ್ಯಾಡ್ಜಿನ ಮೇಲಿನ ಎರಡಕ್ಷರ ಓದಿಲ್ಲ. ಅವರು ಕೇಳುವುದು ಊಟ ಯಾವಾಗ ಬರುತ್ತದೆ ಅಂತ.


ಡಲ್ಲಾಸ್ ಅಪ್ಪ

ನಿಮ್ಮ ಲೆಕ್ಕವನ್ನು ಮಗನಿಗೆ ತೋರಿಸಿದೆ. ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಅವನೇ ಎಕ್ಸೆಲ್ ತೆಗೆದು ಕೂತ. ತುಂಬಾ ಉಪಕಾರ ಆಯಿತು.


ಕೆಮಿಸ್ಟ್ರಿ ಮೇಷ್ಟ್ರು, ಕ್ಯಾಲಿಫೋರ್ನಿಯ

ಅಂಕಲ್‌ಗೆ ಒಂದು ಮಾತು. ಟೆಕ್ಸಾಸ್ ಬಿಟ್ಟು ಹುಡುಗನನ್ನು ಎಲ್ಲಿಗೂ ಕಳಿಸಬೇಡಿ. ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಹೊರ ರಾಜ್ಯದವರಿಗೆ ನೂರಕ್ಕೆ 10 ಸೀಟಿನ ಮೇಲೆ ಕೊಡುವ ಹಾಗಿಲ್ಲ, ಉಳಿದದ್ದೆಲ್ಲ ನಿಮ್ಮವರಿಗೇ. ಫೀಸೂ ಕಮ್ಮಿ. ಅಲ್ಲಿ ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್ ಅಂತ ಒಂದು ಕಾನೂನಿದೆ, ಹತ್ತು ವರ್ಷದ ಹಿಂದಿನ ಗ್ರೇಡುಗಳನ್ನು ಬಿಟ್ಟುಬಿಡಿ ಎಂದು ಕೇಳಬಹುದು. ನಿಮ್ಮ ಮಗನಿಗೆ ಈಗ ಉಪಯೋಗ ಇಲ್ಲ. ಓದುತ್ತಿರುವ ಬೇರೆ ಯಾರಿಗಾದರೂ ಆಗಬಹುದು ಅಂತ ಹೇಳಿದೆ.


ದಾವಣಗೆರೆ ಬಿಡಿಎಸ್

ನಮಸ್ತೆ. ನಾನು ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಮದುವೆಯಾಗಿ ಎಚ್4ನಲ್ಲಿ (ಗಂಡನ ಕೆಲಸದ ವೀಸಾ ಮೇಲೆ ಸಿಗುವ ವೀಸಾ) ಬಂದು ಮೂರು ವರ್ಷ. ಮನೆಯಲ್ಲಿ ಕೂತು ಸಾಕಾಗಿದೆ. ಎಚ್4ನಲ್ಲಿ ಓದಬಹುದು ಅಂತ ಗೊತ್ತು. ಪೋಸ್ಟ್‌ಬ್ಯಾಕ್ ಮಾಡಿ ಮೆಡಿಕಲ್‌ಗೆ ಹೋಗಬಹುದಾ? ಒಬ್ಬ ಏಜೆಂಟ್ ಆಗುತ್ತದೆ ಅಂದ, ಫೀಸು ಕೇಳಿದ.


ಫಿಲ್ಲಿ ಅಕ್ಕ

ತಂಗಿ, ಆ ಏಜೆಂಟಿಗೆ ಒಂದು ರೂಪಾಯಿಯನ್ನೂ ಕೊಡಬೇಡ.

ಇಲ್ಲಿನ ಮೆಡಿಕಲ್ ಕಾಲೇಜುಗಳಲ್ಲಿ ಹೆಚ್ಚಿನವು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ತಗೊಳ್ಳುತ್ತವೆ. ಎಚ್4 ಅಂದರೆ ಅವರ ಲೆಕ್ಕದಲ್ಲಿ ಹೊರದೇಶದವರು. ತಗೊಳ್ಳುವ ಕೆಲವೇ ಕಾಲೇಜುಗಳಲ್ಲಿ ಕೆಲವು, ವರ್ಷಗಳ ಫೀಸನ್ನು ಮುಂಚೆಯೇ ಬ್ಯಾಂಕಿನಲ್ಲಿ ತೋರಿಸಿ ಅನ್ನುತ್ತವೆ. ಎರಡನೆಯದು, ಭಾರತದ ಅಂಕಪಟ್ಟಿಯನ್ನು ಆಮ್‌ಕಾಸ್ ಜಿಪಿಎಗೆ ಸೇರಿಸುವುದಿಲ್ಲ. ಎಷ್ಟೋ ಕಾಲೇಜುಗಳಿಗೆ ಇಲ್ಲಿನ ಡಿಗ್ರಿಯೇ ಬೇಕು, ಇಲ್ಲವೇ 90 ಕ್ರೆಡಿಟ್‌ನಷ್ಟು ಇಲ್ಲಿ ಓದಿರಬೇಕು. ಮೂರು ವರ್ಷದ ಓದು ಅದು.

ನಿನ್ನ ಕೈಯಲ್ಲಿ ಬಿಡಿಎಸ್ ಇದೆ. ಹೊರಗೆ ದಂತವೈದ್ಯ ಓದಿದವರಿಗೆ ಇಲ್ಲಿ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಅಂತ ಎರಡು, ಎರಡೂವರೆ ವರ್ಷದ ದಾರಿ ಇದೆ. ಐಎನ್‌ಬಿಡಿಇ ಎಂಬ ದಂತವೈದ್ಯರ ಪರೀಕ್ಷೆ ಬರೆದು, ಕ್ಯಾಪಿಡ್ ಎಂಬ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಹಾಕಬೇಕು. ಫೀಸು ಜಾಸ್ತಿ, ವೀಸಾ ವಿಷಯ ಕಾಲೇಜು ಕಾಲೇಜಿಗೆ ಬೇರೆ. ಆದರೆ ಓದಿದ್ದು ನೀರಿಗೆ ಹೋಗುವುದಿಲ್ಲ. ಹೋಳಿಗೆ ಬೆಂದಿರುವಾಗ ಮತ್ತೆ ಕಣಕ ಕಲಸುವುದು ಯಾಕೆ?


ದಾವಣಗೆರೆ ಬಿಡಿಎಸ್

ಮೂರು ವರ್ಷದಲ್ಲಿ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ ಅಕ್ಕ. ಐಎನ್‌ಬಿಡಿಇ ಪುಸ್ತಕ ಇವತ್ತೇ ಹುಡುಕುತ್ತೇನೆ. ಏಜೆಂಟ್ ಮತ್ತೆ ಫೋನ್ ಮಾಡಿದ್ದ, ಎತ್ತಲಿಲ್ಲ.


ಎಡಿಸನ್ ಮಾವ

ಎಲ್ಲರೂ ಡಾಕ್ಟರೇ ಆಗಬೇಕಾ ಅಂತ ಕೇಳಿದರೆ ಬೈಯುತ್ತೀರಿ. ಆದರೂ ಕೇಳುತ್ತೇನೆ. ಪಿಎ (ಫಿಸಿಷಿಯನ್ ಅಸಿಸ್ಟೆಂಟ್) ಓದು ಎರಡು, ಎರಡೂವರೆ ವರ್ಷದಲ್ಲಿ ಮುಗಿಯುತ್ತದೆ. ನರ್ಸಿಂಗ್‌ಗೆ ಹೋಗಿ ನರ್ಸ್ ಪ್ರಾಕ್ಟಿಷನರ್ ಆಗಬಹುದು. ಅಜ್ಜಿಯ ಡಯಾಲಿಸಿಸ್ ಸೆಂಟರಿನಲ್ಲಿ ಡಾಕ್ಟರಿಗಿಂತ ಜಾಸ್ತಿ ಹೊತ್ತು ಅಜ್ಜಿಯ ಪಕ್ಕ ನಿಲ್ಲುವವರು ಯಾರು ಹೇಳಿ?

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ಸಾಲ. 2025ರ ಜುಲೈನಲ್ಲಿ ಬಂದ ಕಾನೂನಿನಿಂದ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ. ಮೊದಲು ಕಾಲೇಜಿನ ಪೂರ್ತಿ ಖರ್ಚಿಗೆ ಸರ್ಕಾರದಿಂದಲೇ ಸಾಲ ಸಿಗುತ್ತಿತ್ತು. ಇನ್ನು ಮೆಡಿಕಲ್‌ಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಇರುವುದೂ ಓದುವುದೂ ಸೇರಿ ವರ್ಷಕ್ಕೆ 90 ಸಾವಿರ ದಾಟುತ್ತದೆ. ಉಳಿದದ್ದು ಖಾಸಗಿ ಸಾಲ, ಅದಕ್ಕೆ ಅಪ್ಪ ಸಹಿ ಹಾಕಬೇಕು. ಪೋಸ್ಟ್‌ಬ್ಯಾಕ್‌ಗೆ ಫೆಡರಲ್ ಸಾಲ ಅಂದರೆ ಒಂದೇ ಸಲ, ಸತತ 12 ತಿಂಗಳಿಗೆ, 12,500 ಡಾಲರ್ ಮೀರುವುದಿಲ್ಲ. ಹಾಗಾಗಿ ಈಗ ಖರ್ಚು ಮಾಡುವ 70 ಸಾವಿರ ಬರೀ ಈಗಿನ 70 ಸಾವಿರ ಅಲ್ಲ. ಆಮೇಲೆ ಕೈಯಲ್ಲಿ ಇರಬೇಕಾದ ದುಡ್ಡು ಅದು.


ರಾತ್ರಿ ಪಾಳಿ, ಒಹಾಯೊ

ಮಾವ, ಸಾಲದ ಮಾತು ನೂರಕ್ಕೆ ನೂರು ಸರಿ. ಪಿಎ ಮಾತೂ ತಪ್ಪಲ್ಲ, ಆದರೆ ಅದನ್ನು ಡಾಕ್ಟರ್ ಆಗುವುದಕ್ಕೆ ಅಡ್ಡದಾರಿ ಅಂತ ಹೇಳಬೇಡಿ. ಅದು ಬೇರೆ ಕೆಲಸ. ಅದಕ್ಕೂ ಕೆಮಿಸ್ಟ್ರಿ, ಅನಾಟಮಿ, ಫಿಸಿಯಾಲಜಿ ಬೇಕು, ಎಷ್ಟೋ ಕಡೆ ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳ ಲೆಕ್ಕವೂ ಬೇಕು.

ತಂಗಿಗೆ: ಆ ಗಂಟೆಗಳನ್ನು ನೀನೂ ಕೂಡಿಡು. ಅಜ್ಜಿಯ ಜೊತೆ ಕೂತದ್ದು ನಿನ್ನ ಕಥೆ, ಅದನ್ನು ಪ್ರಬಂಧದಲ್ಲಿ ಬರಿ. ಆದರೆ ಮನೆಯವರನ್ನು ನೋಡಿಕೊಂಡದ್ದನ್ನು ಮಾತ್ರ ನಂಬಿಕೊಂಡು ಹೋಗಬೇಡ. ಅಪರಿಚಿತರ ಹಾಸಿಗೆ ಪಕ್ಕದಲ್ಲೂ ನಿಂತಿರಬೇಕು. ಇಎಂಟಿ (ಆಂಬುಲೆನ್ಸ್ ಕೆಲಸದ) ಕೋರ್ಸು, ಹಾಸ್ಪಿಸ್ (ಕೊನೆಗಾಲದವರ ಆರೈಕೆ), ಸ್ಕ್ರೈಬ್, ಏನಾದರೂ ಒಂದು.


ಹಾಸನದ ಹುಡುಗಿ

ಒಂದು ವಾರ ಸುಮ್ಮನಿದ್ದೆ, ಕ್ಷಮಿಸಿ. ಎಲ್ಲವನ್ನೂ ಎರಡೆರಡು ಸಲ ಓದಿದೆ.

ಸೀಟು ಕೊಟ್ಟ ಕಡೆಗೆ ಫೋನ್ ಮಾಡಿದೆ. ಮೂರು ವರ್ಷದಲ್ಲಿ ಶುರು ಮಾಡಿದವರು ಎಷ್ಟು, ಮುಗಿಸಿದವರು ಎಷ್ಟು, ಅರ್ಜಿ ಹಾಕಿದವರು ಎಷ್ಟು ಅಂತ ಕೇಳಿದೆ. ತುಂಬಾ ಒಳ್ಳೆಯವರು, ಮುಕ್ಕಾಲು ಗಂಟೆ ಮಾತಾಡಿದರು. ಅರ್ಜಿ ಹಾಕಿದವರಲ್ಲಿ ಎಷ್ಟು ಜನಕ್ಕೆ ಸಿಕ್ಕಿತು ಅಂತ ಥಟ್ಟನೆ ಹೇಳಿದರು. ಶುರು ಮಾಡಿದವರ ಸಂಖ್ಯೆ ಮೇಲ್ ಮಾಡುತ್ತೇವೆ ಅಂದರು. ನಾಲ್ಕು ದಿನ ಆದ ಮೇಲೆ ಮೇಲ್ ಬಂತು, ಅದರಲ್ಲಿ ಮತ್ತೆ ಅರ್ಜಿ ಹಾಕಿದವರ ಸಂಖ್ಯೆಯೇ ಇತ್ತು, ಜೊತೆಗೊಂದು ಹೊಸ ಕರಪತ್ರ.


ಫಿಲ್ಲಿ ಅಕ್ಕ

ಮೆಟ್ಟಿಲ ಮೇಲಿನ ಫೋಟೊ ಇತ್ತಾ?


ಹಾಸನದ ಹುಡುಗಿ

ಇತ್ತು ಅಕ್ಕ. 😄

ಅದೊಂದೇ ಕಾರಣಕ್ಕೆ ಬಿಡುತ್ತಿಲ್ಲ. ಅಲ್ಲಿ ಹೋದರೆ ಕಮಿಟಿ ಲೆಟರ್ ಸಿಗುತ್ತದೆ, ಸಲಹೆ ಕೊಡುವವರು ಇರುತ್ತಾರೆ, ಜೊತೆಗೆ ಓದುವ ಗೆಳೆಯರು ಸಿಗುತ್ತಾರೆ. ಇದೆಲ್ಲ ಇಲ್ಲಿ ನಾನೇ ಹೊಂದಿಸಿಕೊಳ್ಳಬೇಕು. ಪ್ರೊಫೆಸರ್‌ಗಳ ಹತ್ತಿರ ಒಬ್ಬೊಬ್ಬರಿಂದಲೇ ಪತ್ರ ಕೇಳಬೇಕು. ಅದು ಗೊತ್ತು. ಆದರೆ ಆ ವೇಗ ನನಗಾಗುತ್ತದಾ ಅಂತ ನನ್ನನ್ನೇ ಕೇಳಿಕೊಂಡೆ. ಹನ್ನೊಂದು ವರ್ಷದಿಂದ ಕೆಮಿಸ್ಟ್ರಿ ಮುಟ್ಟಿಲ್ಲ. ಮೊದಲಿನಿಂದ ಶುರು ಮಾಡಬೇಕಾದವಳು ನಾನು. ಜೊತೆಗೆ ಅಜ್ಜಿ. ಊರು ಬಿಟ್ಟರೆ ಶನಿವಾರವೂ ಬರಲಾಗುವುದಿಲ್ಲ.

ಸಂಜೆ ಕ್ಲಾಸಿಗೇ ಸೇರುತ್ತಿದ್ದೇನೆ, ಇಲ್ಲೇ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಮೊದಲ ಸೆಮಿಸ್ಟರ್ ಜನರಲ್ ಕೆಮಿಸ್ಟ್ರಿ ಒಂದೇ, ಲ್ಯಾಬ್ ಜೊತೆಗೆ. ಎ ಬಂದರೆ ಮುಂದಿನದಕ್ಕೆ ಎರಡು ಕೋರ್ಸು. ಬಿ ಬಂದರೆ ಇಲ್ಲಿಗೇ ಬಂದು ಅಳುತ್ತೇನೆ. ಲ್ಯಾಬ್ ಮಂಗಳವಾರ ಸಂಜೆಗೇ ಸಿಕ್ಕಿತು, ಅಜ್ಜಿಯ ದಿನ. ಮಂಗಳವಾರ ತಮ್ಮ ಹೋಗುತ್ತೇನೆ ಅಂದ. ಅವನ ಕನ್ನಡ ಅಷ್ಟಕ್ಕಷ್ಟೇ. ಅದಕ್ಕೆ ಅಜ್ಜಿ ಹೇಳಬಹುದಾದ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಜೋಮು, ಸೆಳೆತ, ತಲೆ ಸುತ್ತು, ಸಂಕಟ, ಉರಿ. ಒಂದೊಂದಕ್ಕೂ ಬೇರೆ ಬೇರೆ ಇಂಗ್ಲಿಷ್ ಪದ. ಅಜ್ಜಿ ಅದನ್ನು ನೋಡಿ, ಸುಸ್ತು ಬಿಟ್ಟೆಯಲ್ಲೇ ಅಂದರು.

ಮೇಷ್ಟ್ರೇ, ಒಂದು ಸಣ್ಣ ಪ್ರಶ್ನೆ. ನಾನು ದಪ್ಪ ಗಾಜಿನ ಕನ್ನಡಕದವಳು. ಲ್ಯಾಬ್ ಗಾಗಲ್ಸ್ ತರಿಸಿದೆ, ಕನ್ನಡಕದ ಮೇಲೆ ಕೂರುತ್ತಲೇ ಇಲ್ಲ. ಯಾವುದು ತಗೊಳ್ಳಲಿ?


ಕೆಮಿಸ್ಟ್ರಿ ಮೇಷ್ಟ್ರು, ಕ್ಯಾಲಿಫೋರ್ನಿಯ

ಕನ್ನಡಕದ ಮೇಲೆ ಹಾಕುವಂಥದ್ದೇ ಬೇರೆ ಬರುತ್ತದೆ, ಅಗಲ ಜಾಸ್ತಿ, ಪಕ್ಕದಲ್ಲಿ ಗಾಳಿಯಾಡುವ, ಆದರೆ ಹನಿ ನುಗ್ಗದಂತೆ ಮುಚ್ಚಿದ ಕಿಂಡಿ ಇರುತ್ತದೆ. ಕಾಲೇಜಿನ ಪುಸ್ತಕದಂಗಡಿಯಲ್ಲೇ ಸಿಗುತ್ತದೆ, ಹಾಕಿ ನೋಡಿ ತಗೊಳ್ಳಿ. ಮಂಜು ಕಟ್ಟುತ್ತದೆ, ಒಳಗಡೆ ಒಂದು ಚೂರು ಪಾತ್ರೆ ತೊಳೆಯುವ ಸೋಪು ಸವರಿ ಒರೆಸಿಕೊಳ್ಳಿ. ಬ್ಯೂರೆಟ್ಟಿನ ನಲ್ಲಿ ನಿಧಾನಕ್ಕೆ ತಿರುಗಿಸಿ.